ಗುಡಿಯಿಲ್ಲದ ಯಾತ್ರೆ: ಇಂಗ್ಲೆಂಡಿನ ಪೆನೈನ್ ಹಾದಿಯ ಚರಿತ್ರೆ

ಯಾತ್ರೆಯ ಹಾದಿಗಳು ಸಾಮಾನ್ಯವಾಗಿ ತಾವಾಗಿ ಹುಟ್ಟುತ್ತವೆ. ಮೊದಲು ಒಂದು ಕ್ಷೇತ್ರವಿರುತ್ತದೆ. ಮಹಾತ್ಮನೊಬ್ಬನ ಸಮಾಧಿಯೋ, ಪುರಾತನವಾದ ಗುಡಿಯೋ, ನದಿಗಳ ಸಂಗಮವೋ ದೂರದ ಜನರನ್ನು ತನ್ನೆಡೆಗೆ ಕರೆಯುತ್ತದೆ. ಕರೆದ ಕಡೆಗೆ ಕಾಲುಗಳು ನಡೆಯುತ್ತವೆ, ನಡೆದಲ್ಲಿ ದಾರಿಯಾಗುತ್ತದೆ, ದಾರಿಯ ಬದಿಯಲ್ಲಿ ಬಾವಿಯೂ ಛತ್ರವೂ ನೆರಳಿನ ಮರವೂ ಕಾಣಿಸಿಕೊಳ್ಳುತ್ತವೆ. ‘ತೀರ್ಥ’ ಎಂಬ ಶಬ್ದಕ್ಕೆ ಮೂಲದಲ್ಲಿ ಹೊಳೆಯನ್ನು ದಾಟುವ ಕಡವು ಎಂಬ ಅರ್ಥವಿರುವುದನ್ನು ನೆನೆದರೆ, ಯಾತ್ರೆಗೂ ದಾರಿಗೂ ಇರುವ ನಂಟು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಇಂತಹ ಹಾದಿಯನ್ನು ಯಾರೂ ಕುಳಿತು ಯೋಜಿಸುವುದಿಲ್ಲ. ಯಾತ್ರಿಕನನ್ನು ತಡೆದರೆ ಪಾಪ ಬಂದೀತೆಂಬ ಅಂಜಿಕೆಯಿಂದ ಭೂಮಿಯ ಒಡೆಯನೂ ಅವನಿಗೆ ಎಡೆಗೊಡುತ್ತಾನೆ. ಶ್ರದ್ಧೆಯೇ ಅಲ್ಲಿ ಶಾಸನ.

ಹಾಗಾದರೆ ಗುಡಿಯೂ ಇಲ್ಲದ, ಸಂತನ ಸಮಾಧಿಯೂ ಇಲ್ಲದ ಯಾತ್ರೆಯ ಹಾದಿಯೊಂದನ್ನು ಬುದ್ಧಿಪೂರ್ವಕವಾಗಿ ನಿರ್ಮಿಸುವುದು ಸಾಧ್ಯವೆ? ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಂತಹದೊಂದು ಪ್ರಯತ್ನ ನಡೆಯಿತು. ಇಂಗ್ಲೆಂಡಿನ ಬೆನ್ನೆಲುಬೆಂದು ಹೆಸರಾದ ಪೆನೈನ್ ಬೆಟ್ಟಸಾಲಿನ ನೆತ್ತಿಯ ಮೇಲೆ, ಡರ್ಬಿಷೈರಿನ ಈಡೇಲ್ ಎಂಬ ಹಳ್ಳಿಯಿಂದ ಸ್ಕಾಟ್ಲೆಂಡಿನ ಗಡಿಯಾಚೆಯ ಕರ್ಕ್ ಯೆಟೊಮ್ ಎಂಬ ಹಳ್ಳಿಯವರೆಗೆ ಸಾಗುವ ಪೆನೈನ್ ಹಾದಿಯೇ ಅದು. ಅದರ ಉದ್ದ ೨೬೮ ಮೈಲಿ, ಎಂದರೆ ಸುಮಾರು ೪೩೧ ಕಿಲೋಮೀಟರ್. ಈ ಹಾದಿಯ ವಿಚಾರ ಮೊದಲು ಅಚ್ಚಾದದ್ದು ೧೯೩೫ರಲ್ಲಿ. ಹಾದಿ ಜನರಿಗೆ ತೆರೆದದ್ದು ೧೯೬೫ರಲ್ಲಿ. ನಡುವೆ ಮೂವತ್ತು ವರ್ಷಗಳು ಸರಿದವು. ಕಲ್ಲು ಒಡೆಯುವುದಕ್ಕಾಗಲಿ ಸೇತುವೆ ಕಟ್ಟುವುದಕ್ಕಾಗಲಿ ಹಿಡಿದ ಕಾಲವಲ್ಲ ಅದು. ನಡೆಯುವುದಕ್ಕೆ ಅನುಮತಿ ಪಡೆಯಲು ಹಿಡಿದ ಕಾಲ.

ಇದರ ಮರ್ಮ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಧ್ಯಯುಗದ ಇಂಗ್ಲೆಂಡು ಯಾತ್ರಿಕರ ನಾಡಾಗಿತ್ತು. ೧೧೭೦ರಲ್ಲಿ ಕ್ಯಾಂಟರ್ಬರಿಯ ಇಗರ್ಜಿಯೊಳಗೇ ಕೊಲೆಯಾದ ಮಠಾಧಿಪತಿ ಥಾಮಸ್ ಬೆಕೆಟ್‌ನ ಸಮಾಧಿಗೆ ಮೂರೂವರೆ ಶತಮಾನಗಳಿಗೂ ಮಿಕ್ಕಿ ಜನ ನಡೆದುಬಂದರು. ೧೫೩೮ರಲ್ಲಿ ಎಂಟನೆಯ ಹೆನ್ರಿ ದೊರೆ ಆ ಸಮಾಧಿಯನ್ನು ಕೆಡವಿಸಿದನು. ಅದೇ ವರ್ಷ ಯಾತ್ರೆಗಳನ್ನು ನಿರುತ್ತೇಜಿಸುವ ಆಜ್ಞೆಯೂ ಹೊರಟಿತು. ಕ್ಷೇತ್ರ ಹೋದ ಮೇಲೆ ದಾರಿಗೆ ಕಾವಲಿಲ್ಲ. ಮುಂದಿನ ಶತಮಾನಗಳಲ್ಲಿ, ವಿಶೇಷವಾಗಿ ೧೮ ಮತ್ತು ೧೯ನೆಯ ಶತಮಾನಗಳಲ್ಲಿ, ಪಾರ್ಲಿಮೆಂಟಿನ ಒಂದೊಂದೇ ಶಾಸನದ ಮೂಲಕ ಊರೊಟ್ಟಿನ ಗೋಮಾಳಗಳೂ ಗುಡ್ಡಗಳೂ ಬೇಲಿಯೊಳಗೆ ಸೇರಿ ಖಾಸಗಿ ಸ್ವತ್ತಾದವು. ಉತ್ತರದ ಎತ್ತರದ ಬಯಲುಗುಡ್ಡಗಳಲ್ಲಿ ಬೆಳೆ ಬರುವುದಿಲ್ಲ. ಅಲ್ಲಿ ಗ್ರೌಸ್ ಎಂಬ ಹಕ್ಕಿ ಮಾತ್ರ ಸಮೃದ್ಧ. ಪ್ರತಿವರ್ಷ ಆಗಸ್ಟ್ ೧೨ರಂದು ಆರಂಭವಾಗುವ ಗ್ರೌಸ್ ಬೇಟೆಗಾಗಿ ಶ್ರೀಮಂತರು ಆ ಗುಡ್ಡಗಳನ್ನು ಕಾಯ್ದಿಟ್ಟರು. ಬೇಟೆ ವರ್ಷದಲ್ಲಿ ಕೆಲವೇ ದಿನ, ಕಾವಲು ವರ್ಷವಿಡೀ.

ಅದೇ ಕಾಲದಲ್ಲಿ ಆ ಗುಡ್ಡಗಳ ಎರಡೂ ಬದಿಯಲ್ಲಿ ಮ್ಯಾಂಚೆಸ್ಟರ್, ಶೆಫೀಲ್ಡ್ ಮೊದಲಾದ ಪಟ್ಟಣಗಳು ಬೆಳೆದು ಗಿರಣಿಗಳ ಹೊಗೆಯಿಂದ ಕಪ್ಪಾದವು. ವಾರದಲ್ಲಿ ಆರು ದಿನ ಹತ್ತಿಯ ಧೂಳನ್ನೂ ಉಕ್ಕಿನ ಕಾವನ್ನೂ ಉಂಡ ಕೆಲಸಗಾರನಿಗೆ ಭಾನುವಾರದಂದು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಗುಡ್ಡವಿತ್ತು, ಅಗ್ಗದ ರೈಲು ಟಿಕೆಟ್ಟೂ ಇತ್ತು. ಗುಡ್ಡದ ಬುಡದಲ್ಲಿ ‘ಅತಿಕ್ರಮಿಸಿದವರನ್ನು ಶಿಕ್ಷೆಗೆ ಗುರಿಪಡಿಸಲಾಗುವುದು’ ಎಂಬ ಹಲಗೆಯೂ ಇತ್ತು. ಇಂಗ್ಲಿಷ್ ನ್ಯಾಯದ ಪ್ರಕಾರ ಇನ್ನೊಬ್ಬನ ನೆಲದಲ್ಲಿ ಬರಿದೆ ನಡೆಯುವುದು ಅಪರಾಧವಲ್ಲ. ಒಡೆಯನು ದಾವೆ ಹೂಡಿ ನಷ್ಟವನ್ನು ಕೇಳಬಹುದು, ಅಷ್ಟೆ. ಆದುದರಿಂದ ನಡಿಗೆಯವರು ಆ ಹಲಗೆಗಳಿಗೆ ‘ಮರದ ಸುಳ್ಳುಗಾರರು’ ಎಂದು ಹೆಸರಿಟ್ಟಿದ್ದರು. ೧೮೮೪ರಲ್ಲಿಯೇ ಜೇಮ್ಸ್ ಬ್ರೈಸ್ ಎಂಬ ಸದಸ್ಯನು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜನರಿಗೆ ಪ್ರವೇಶವಿರಬೇಕೆಂದು ಪಾರ್ಲಿಮೆಂಟಿನಲ್ಲಿ ಮಸೂದೆ ತಂದಿದ್ದನು. ಅದು ಬಿದ್ದುಹೋಯಿತು. ಬಳಿಕ ಬಂದವೂ ಹಾಗೆಯೇ ಬಿದ್ದವು.

೧೯೩೨ರ ಏಪ್ರಿಲ್ ೨೪ರ ಭಾನುವಾರ, ಹೇಫೀಲ್ಡ್ ಎಂಬ ಊರಿನಿಂದ ಕೆಲವು ನೂರು ಯುವಕ ಯುವತಿಯರು (ನಾನೂರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ) ಕಿಂಡರ್ ಸ್ಕೌಟ್ ಎಂಬ ನಿಷಿದ್ಧ ಗುಡ್ಡವನ್ನು ಏರಿದರು. ಅವರ ಮುಂದಾಳು ಬೆನ್ನಿ ರಾಥ್‌ಮನ್ ಮ್ಯಾಂಚೆಸ್ಟರಿನ ಮೋಟಾರು ಮೆಕ್ಯಾನಿಕ್, ವಯಸ್ಸು ಇಪ್ಪತ್ತು. ಗುಡ್ಡದ ಮೇಲೆ ಬೇಟೆಯ ಕಾವಲುಗಾರರೊಡನೆ ತಳ್ಳಾಟವಾಗಿ ಒಬ್ಬ ಕಾವಲುಗಾರನ ಕಾಲು ಉಳುಕಿತು. ಇಳಿದು ಬಂದಾಗ ಪೊಲೀಸರು ಕಾದಿದ್ದರು. ಆರು ಜನರ ಮೇಲೆ ಮೊಕದ್ದಮೆ ನಡೆಯಿತು. ನಡೆದದ್ದು ಅಪರಾಧವಲ್ಲವಾದ್ದರಿಂದ ಗಲಭೆಯ ಆರೋಪವನ್ನು ಹೊರಿಸಬೇಕಾಯಿತು. ಡರ್ಬಿಯ ನ್ಯಾಯಾಲಯದ ಜ್ಯೂರಿಯಲ್ಲಿ ಕುಳಿತಿದ್ದವರು ಬಹುಮಟ್ಟಿಗೆ ಸೇನೆಯ ಅಧಿಕಾರಿಗಳೂ ಗ್ರಾಮಾಂತರದ ಗಣ್ಯರೂ. ಮುಂದೆ ನಿಂತಿದ್ದವರು ಕೂಲಿಯ ಮಕ್ಕಳು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವಾಯಿತು. ರಾಥ್‌ಮನ್‌ನಿಗೆ ನಾಲ್ಕು ತಿಂಗಳು. ನಡೆದಾಡುವವರ ಹಳೆಯ ಸಂಘಗಳೇ ಈ ಸಾಹಸವನ್ನು ಅವಿವೇಕವೆಂದು ಖಂಡಿಸಿದ್ದವೆಂಬುದನ್ನು ಮರೆಯಲಾಗದು. ಆದರೆ ಶಿಕ್ಷೆಯ ಕಠೋರತೆಯನ್ನು ಕಂಡು ಖಂಡಿಸಿದವರಲ್ಲಿಯೂ ಹಲವರು ಮರುಗಿದರು.

ಹಾದಿಯನ್ನು ಕನಸಿದವನು ಬೇರೊಬ್ಬ. ಟಾಮ್ ಸ್ಟೀಫನ್‌ಸನ್ ೧೮೯೩ರಲ್ಲಿ ಲ್ಯಾಂಕಷೈರಿನ ಚೋರ್ಲಿಯಲ್ಲಿ ಹುಟ್ಟಿದನು. ಹದಿಮೂರನೆಯ ವಯಸ್ಸಿಗೆ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕಾರ್ಖಾನೆಗೆ ಸೇರಿದ ಈ ಹುಡುಗ ಒಂದು ದಿನ ಸಮೀಪದ ಪೆಂಡಲ್ ಗುಡ್ಡವನ್ನು ಏರಿ, ಎದುರಿಗೆ ಹರಡಿದ್ದ ಪೆನೈನ್ ಸಾಲನ್ನು ಕಂಡನಂತೆ. ಕ್ವೇಕರ್ ಪಂಥದ ಪ್ರವರ್ತಕ ಜಾರ್ಜ್ ಫಾಕ್ಸ್‌ನಿಗೆ ೧೬೫೨ರಲ್ಲಿ ದರ್ಶನವಾದದ್ದೂ ಇದೇ ಗುಡ್ಡದ ಮೇಲೆ. ಒಬ್ಬನು ಅಲ್ಲಿಂದ ಧರ್ಮವನ್ನು ಕಂಡನು, ಮತ್ತೊಬ್ಬನು ಬೆಟ್ಟಗಳನ್ನು ಕಂಡನು. ಎರಡನ್ನೂ ದರ್ಶನವೆನ್ನಲು ಅಡ್ಡಿಯಿಲ್ಲ. ರಾತ್ರಿ ಓದಿ ಭೂಗರ್ಭಶಾಸ್ತ್ರದ ವಿದ್ಯಾರ್ಥಿವೇತನವನ್ನು ಗಳಿಸಿದ ಸ್ಟೀಫನ್‌ಸನ್, ಮೊದಲನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲಾರೆನೆಂದು ನಿರಾಕರಿಸಿ ಸೆರೆಮನೆಗೆ ಹೋದನು, ವಿದ್ಯಾರ್ಥಿವೇತನವೂ ಕೈಬಿಟ್ಟಿತು. ಮುಂದೆ ಪತ್ರಕರ್ತನಾಗಿ ಕಾರ್ಮಿಕ ಪಕ್ಷದ ಪರವಾದ ‘ಡೇಲಿ ಹೆರಾಲ್ಡ್’ ಪತ್ರಿಕೆಗೆ ಕಾಡುಮೇಡುಗಳ ಸುತ್ತಾಟದ ವಿಚಾರ ಬರೆಯತೊಡಗಿದನು.

ಆಗ ಅಮೆರಿಕೆಯಿಂದ ಇಬ್ಬರು ಹುಡುಗಿಯರ ಕಾಗದವೊಂದು ಅವನ ಮೇಜಿಗೆ ಬಂದಿತು. ತಮ್ಮ ನಾಡಿನ ಅಪಲೇಚಿಯನ್ ಹಾದಿಯಂತಹದು ಇಂಗ್ಲೆಂಡಿನಲ್ಲಿ ಎಲ್ಲಿದೆ, ನಡೆಯಲು ಬರಬೇಕೆಂದಿದ್ದೇವೆ, ಎಂಬುದು ಅವರ ಪ್ರಶ್ನೆ. ಬೆಂಟನ್ ಮಕೈ ಎಂಬಾತ ೧೯೨೧ರಲ್ಲಿ ಸೂಚಿಸಿದ ಆ ಅಮೆರಿಕದ ಹಾದಿ ಇನ್ನೂ ಪೂರ್ಣವಾಗಿರಲಿಲ್ಲ. ಅದು ಮುಗಿದದ್ದು ೧೯೩೭ರಲ್ಲಿ. ಇಂಗ್ಲೆಂಡಿನಲ್ಲಿಯಾದರೋ ತೋರಿಸಲು ಏನೂ ಇರಲಿಲ್ಲ. ೧೯೩೫ರ ಜೂನ್ ೨೨ರಂದು ಸ್ಟೀಫನ್‌ಸನ್ ತನ್ನ ಪತ್ರಿಕೆಯಲ್ಲಿ, ಉದ್ದವಾದ ಹಸಿರು ಹಾದಿಯೊಂದು ಬೇಕಾಗಿದೆ ಎಂಬರ್ಥದ ಶಿರೋನಾಮೆಯಡಿಯಲ್ಲಿ ಲೇಖನ ಬರೆದನು. ಪೀಕ್ ಪ್ರಾಂತ್ಯದಿಂದ ಚೀವಿಯಟ್ ಬೆಟ್ಟಗಳವರೆಗೆ ಒಂದು ಕಾಲುದಾರಿ. ಅದಕ್ಕೆ ಕಾಂಕ್ರೀಟು ಬೇಡ, ಡಾಂಬರು ಬೇಡ. ನಕ್ಷೆಯ ಮೇಲೆ ಮಸುಕಾದ ಗೆರೆಯೊಂದಿದ್ದರೆ ಸಾಕು, ಕೃತಜ್ಞರಾದ ಯಾತ್ರಿಕರ ಪಾದಗಳೇ ಕಾಲಕ್ರಮದಲ್ಲಿ ಅದನ್ನು ನೆಲದ ಮೇಲೆ ಕೊರೆಯುತ್ತವೆ ಎಂಬುದು ಅವನ ಆಶಯ.

ಅಲ್ಲಿ ಅವನು ಬಳಸಿದ ‘ಯಾತ್ರಿಕರು’ ಎಂಬ ಪದ ವಿಚಾರಾರ್ಹವಾದುದು. ವಿಹಾರಿಗಳು ಎನ್ನಬಹುದಿತ್ತು, ಪ್ರವಾಸಿಗಳು ಎನ್ನಬಹುದಿತ್ತು. ದೇವಾಲಯವನ್ನು ಮುಂದಿಡದ ಸಮಾಜವಾದಿಯೊಬ್ಬನು ದೇವಾಲಯದ ದಾರಿಯ ಶಬ್ದವನ್ನೇ ಆರಿಸಿಕೊಂಡನು. ವಿಹಾರಿಗೆ ದಾರಿಯು ಸೌಕರ್ಯ, ಯಾತ್ರಿಕನಿಗೆ ಅದು ಋಣ. ವಿಹಾರಿಯನ್ನು ತಡೆದರೆ ಅವನಿಗೆ ಒಂದು ಭಾನುವಾರ ನಷ್ಟವಾಗುತ್ತದೆ. ಯಾತ್ರಿಕನನ್ನು ತಡೆಯುವುದು ಅನ್ಯಾಯ. ಕಿಂಡರಿನ ತೀರ್ಪು ಬಂದು ಮೂರು ವರ್ಷವಷ್ಟೇ ಆಗಿದ್ದ ಕಾಲದಲ್ಲಿ ಆ ಒಂದು ಪದ ವಾದದ ಅರ್ಧ ಭಾಗವನ್ನು ಸದ್ದಿಲ್ಲದೆ ಗೆದ್ದಿತೆಂದರೆ ಅತಿಶಯೋಕ್ತಿಯಾಗದು.

ಉಳಿದರ್ಧ ಕಷ್ಟದ್ದಾಗಿತ್ತು. ೧೯೩೮ರಲ್ಲಿ ಡರ್ಬಿಷೈರಿನ ಹೋಪ್ ಎಂಬ ಹಳ್ಳಿಯಲ್ಲಿ ಸಭೆ ಸೇರಿ ಪೆನೈನ್ ಹಾದಿಯ ಸಂಘ ಸ್ಥಾಪನೆಯಾಯಿತು. (ಆ ಊರಿನ ಹೆಸರಿಗೆ ಹಳೆಯ ಇಂಗ್ಲಿಷಿನಲ್ಲಿ ಕಣಿವೆಯೆಂದರ್ಥ, ಭರವಸೆಯೆಂಬ ಅರ್ಥವನ್ನು ಸಭೆಗೆ ಬಂದವರು ಹಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ.) ಸಂಘದ ಸ್ವಯಂಸೇವಕರು ಗುಡ್ಡದಿಂದ ಗುಡ್ಡಕ್ಕೆ ನಡೆದು, ಹಳೆಯ ದಾರಿಗಳೆಲ್ಲಿ ಉಳಿದಿವೆ, ಎಲ್ಲಿ ಅಳಿದಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದರು. ಬಹುಭಾಗ ದಾರಿ ಇದ್ದೇ ಇತ್ತು. ಸುಮಾರು ೭೦ ಮೈಲಿಗಳಷ್ಟು ಕಡೆ ಮಾತ್ರ ನಡೆಯುವ ಹಕ್ಕಿರಲಿಲ್ಲ. ಕಿಂಡರಿನಂತಹ ಬೇಟೆಯ ಗುಡ್ಡಗಳೇ ಆ ಎಪ್ಪತ್ತು ಮೈಲಿಗಳಲ್ಲಿ ಸೇರಿದ್ದವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪಟ್ಟಣಗಳಿಗೆ ನೀರೊದಗಿಸುವ ಮಂಡಳಿಗಳೂ ಜಲಾಶಯಗಳು ಮಲಿನವಾದಾವೆಂದು ಆಕ್ಷೇಪಿಸಿದವು. ೧೯೩೯ರಲ್ಲಿ ಬೆಟ್ಟಗಳ ಪ್ರವೇಶಕ್ಕಾಗಿ ಒಂದು ಕಾಯಿದೆಯೇನೋ ಆಯಿತು. ಆದರೆ ತಿದ್ದುಪಡಿಗಳಿಂದ ಅದು ಎಷ್ಟು ವಿರೂಪಗೊಂಡಿತೆಂದರೆ, ಕೆಲವು ಸಂದರ್ಭಗಳಲ್ಲಿ ಅತಿಕ್ರಮವನ್ನೇ ಅಪರಾಧವಾಗಿಸುವ ಕಲಮು ಅದರೊಳಗೆ ಸೇರಿಕೊಂಡಿತ್ತು. ಔಷಧವೇ ರೋಗವಾದಂತಾಯಿತು.

ಎರಡನೆಯ ಮಹಾಯುದ್ಧದ ಬಳಿಕ ಗಾಳಿ ತಿರುಗಿತು. ಯುದ್ಧದಲ್ಲಿ ನಾಡಿಗಾಗಿ ಹೋರಾಡಿದವರಿಗೆ ನಾಡಿನ ಗುಡ್ಡವನ್ನು ಏರುವ ಹಕ್ಕಿಲ್ಲವೆನ್ನುವುದು ಯಾವ ಸರಕಾರಕ್ಕೂ ಸುಲಭವಾಗಿರಲಿಲ್ಲ. ೧೯೪೫ರಲ್ಲಿ ಜಾನ್ ಡವರ್ ಎಂಬ ವಾಸ್ತುಶಿಲ್ಪಿಯ ವರದಿಯೂ ೧೯೪೭ರಲ್ಲಿ ಹಾಬ್‌ಹೌಸ್ ಸಮಿತಿಯ ವರದಿಯೂ ರಾಷ್ಟ್ರೀಯ ಉದ್ಯಾನಗಳ ಬುನಾದಿಯನ್ನು ಹಾಕಿದವು. ಸ್ಟೀಫನ್‌ಸನ್ ಆ ವೇಳೆಗೆ ಸರಕಾರದ ಯೋಜನಾ ಇಲಾಖೆಯಲ್ಲಿ ಪತ್ರಿಕಾಧಿಕಾರಿಯಾಗಿದ್ದು, ೧೯೪೮ರಲ್ಲಿ ನಡಿಗೆಯವರ ರಾಷ್ಟ್ರೀಯ ಸಂಘದ ಕಾರ್ಯದರ್ಶಿಯಾದನು. ಅದೇ ವರ್ಷ ಅವನು ಮಾಡಿದ ಕೆಲಸ ಚತುರತೆಯದು: ಹ್ಯೂ ಡಾಲ್ಟನ್, ಬಾರ್ಬರಾ ಕ್ಯಾಸಲ್ ಮೊದಲಾದ ಪಾರ್ಲಿಮೆಂಟಿನ ಸದಸ್ಯರನ್ನು ಕರೆದೊಯ್ದು ಪೆನೈನ್ ಸಾಲಿನ ಮೇಲೆ ನಡೆಸಿದನು. ಮರುವರ್ಷ, ೧೯೪೯ರಲ್ಲಿ, ರಾಷ್ಟ್ರೀಯ ಉದ್ಯಾನಗಳ ಹಾಗೂ ಗ್ರಾಮಾಂತರ ಪ್ರವೇಶದ ಕಾಯಿದೆ ಅಂಗೀಕಾರವಾಯಿತು. ದೂರದ ಕಾಲುದಾರಿಗಳನ್ನು ಸರಕಾರವೇ ನಿರ್ಮಿಸಬಹುದೆಂಬ ವಿಧಿ ಅದರಲ್ಲಿ ಸೇರಿತು. ೧೯೫೧ರಲ್ಲಿ ಪೆನೈನ್ ಹಾದಿಗೆ ಮಂತ್ರಿಯ ಒಪ್ಪಿಗೆ ದೊರೆಯಿತು.

ಒಪ್ಪಿಗೆ ದೊರೆತ ಮೇಲೂ ಹದಿನಾಲ್ಕು ವರ್ಷ. ಕಾಯಿದೆಯ ಪುಸ್ತಕದಲ್ಲಿರುವ ಹಕ್ಕು ಹೊಲದ ಬೇಲಿಯವರೆಗೆ ಇಳಿದು ಬರಬೇಕಾದರೆ ಪ್ರತಿಯೊಂದು ಜಿಲ್ಲೆಯ ಮಂಡಳಿಯೂ ಪ್ರತಿಯೊಬ್ಬ ಒಡೆಯನೊಡನೆ ಕುಳಿತು ಮಾತನಾಡಬೇಕು; ಒಪ್ಪಂದವಾಗದಿದ್ದರೆ ವಿಚಾರಣೆ, ಪರಿಹಾರ, ಮರುವಿಚಾರಣೆ. ಈ ಹದಿನಾಲ್ಕು ವರ್ಷಗಳಲ್ಲಿ ವೀರಗಾಥೆಯೇನೂ ಇಲ್ಲ. ಕಡತಗಳಿವೆ. ಯಾತ್ರೆಯ ಹಾದಿಯನ್ನು ನಂಬಿಕೆಯ ಬದಲು ನ್ಯಾಯದಿಂದ ಕಟ್ಟಹೊರಟವರು ತೆರಬೇಕಾದ ಬೆಲೆ ಇದೇ ಆಗಿತ್ತು. ಕಡೆಗೆ ೧೯೬೫ರ ಏಪ್ರಿಲ್ ೨೪ರಂದು ಯಾರ್ಕ್‌ಷೈರಿನ ಮ್ಯಾಲಮ್ ಬಯಲಿನಲ್ಲಿ ಎರಡು ಸಾವಿರದಷ್ಟು ಜನರ ಸಮ್ಮುಖದಲ್ಲಿ ಹಾದಿ ತೆರೆಯಿತು. ಕಿಂಡರನ್ನು ಏರಿದ ದಿನದಿಂದ ಲೆಕ್ಕ ಹಾಕಿದರೆ ಅಂದಿಗೆ ಸರಿಯಾಗಿ ಮೂವತ್ತಮೂರು ವರ್ಷ.

ಹೊಸ ಹಾದಿಯೆಂದು ಹೇಳಿದರೂ ಅದರ ಎಳೆಗಳೆಲ್ಲ ಹಳೆಯವು. ಒಂದೆಡೆ ಅದು ರೋಮನ್ನರ ರಸ್ತೆಯನ್ನು ಹಿಡಿಯುತ್ತದೆ, ಇನ್ನೊಂದೆಡೆ ಉಪ್ಪು ಉಣ್ಣೆ ಹೊತ್ತ ಹೇರುಕುದುರೆಗಳ ಜಾಡನ್ನು, ಮತ್ತೊಂದೆಡೆ ದನ ಹೊಡೆದುಕೊಂಡು ಹೋಗುತ್ತಿದ್ದವರ ದಾರಿಯನ್ನು. ಹಾವರ್ತಿನ ಬಳಿ ಬ್ರಾಂಟಿ ಸೋದರಿಯರು ತಿರುಗಾಡಿದ ಬಯಲುಗಳನ್ನು ಹಾದು, ಮ್ಯಾಲಮಿನ ಸುಣ್ಣಕಲ್ಲಿನ ಗೋಡೆಯನ್ನೂ ೬೯೪ ಮೀಟರಿನ ಪೆನಿಗೆಂಟ್ ಗುಡ್ಡವನ್ನೂ ಏರಿ, ಟೀಸ್ ನದಿಯ ಜಲಪಾತಗಳನ್ನು ಬದಿಗಿಟ್ಟು ಸಾಗುತ್ತದೆ. ಕ್ರಾಸ್ ಫೆಲ್ ಇಡೀ ಸಾಲಿನಲ್ಲಿ ಅತ್ಯುನ್ನತ, ೮೯೩ ಮೀಟರ್. ಹಿಂದೆ ಇದನ್ನು ದೆವ್ವಗಳ ಗುಡ್ಡವೆನ್ನುತ್ತಿದ್ದರೆಂದೂ ಸಂತನೊಬ್ಬನು ಶಿಲುಬೆ ನೆಟ್ಟು ಅವನ್ನು ಓಡಿಸಿದನೆಂದೂ ಪ್ರತೀತಿ. ಅಲ್ಲಿಂದ ಇಳಿಯುವ ದಾರಿ ಶವಗಳ ದಾರಿ. ಆಚೆ ಬದಿಯ ಗ್ಯಾರಿಗಿಲ್ ಹಳ್ಳಿಯವರು ತಮ್ಮಲ್ಲಿ ಪ್ರತಿಷ್ಠಿತವಾದ ಸ್ಮಶಾನಭೂಮಿ ಇಲ್ಲದ ಕಾಲದಲ್ಲಿ ಸತ್ತವರನ್ನು ಹೊತ್ತು ಈ ಎತ್ತರವನ್ನು ದಾಟಿ ಕರ್ಕ್‌ಲ್ಯಾಂಡಿನ ಇಗರ್ಜಿಗೆ ಒಯ್ಯುತ್ತಿದ್ದರು. ಇದರ ಬಳಿಕ ಕ್ರಿ.ಶ. ೧೨೨ರಲ್ಲಿ ಆರಂಭವಾದ ಹೇಡ್ರಿಯನ್ ಚಕ್ರವರ್ತಿಯ ಗಡಿಗೋಡೆಯ ಮಗ್ಗುಲಲ್ಲಿ ಕೆಲವು ಮೈಲಿ, ಆಮೇಲೆ ಚೀವಿಯಟ್ ಬೆಟ್ಟಗಳ ನಿರ್ಜನತೆ. ಮತೀಯವಲ್ಲದ ಈ ಹಾದಿಯನ್ನು ಶಿಲುಬೆಯ ಗುಡ್ಡದಿಂದಲೂ ಹೆಣ ಹೊತ್ತ ದಾರಿಯಿಂದಲೂ ತಪ್ಪಿಸಬೇಕೆಂದು ಯಾರಿಗೂ ತೋರಲಿಲ್ಲ.

ಕೊನೆಯಲ್ಲಿ ಏನಿದೆ? ಕರ್ಕ್ ಯೆಟೊಮಿನಲ್ಲಿ ಗುಡಿಯಿಲ್ಲ. ಬಾರ್ಡರ್ ಹೋಟೆಲ್ ಎಂಬ ಪಾನಗೃಹವಿದೆ. ೧೯೬೮ರಲ್ಲಿ ಈ ಹಾದಿಗೆ ಕೈಪಿಡಿ ಬರೆದ ಆಲ್ಫ್ರೆಡ್ ವೇನ್‌ರೈಟ್ ಒಂದು ಕೌತುಕದ ಏರ್ಪಾಡು ಮಾಡಿದನು: ಪೂರ್ತಿ ಹಾದಿಯನ್ನು ನಡೆದು ಬಂದವರಿಗೆ ಅಲ್ಲಿ ಅರ್ಧ ಪಿಂಟ್ ಬಿಯರ್, ಹಣ ತನ್ನದು. ಅವನಿಗೆ ಈ ಹಾದಿ ಹಿಡಿಸಿರಲಿಲ್ಲ. ಕಪ್ಪು ಕೆಸರಿನಲ್ಲಿ ಹುಗಿದುಹೋಗಿ ಇತರರಿಂದ ಎಳೆಸಿಕೊಂಡವನು ಅವನು. ಕೈಪಿಡಿಯನ್ನು ದಕ್ಷಿಣದಿಂದ ಉತ್ತರಕ್ಕೆ ಏರುವ ಕ್ರಮದಲ್ಲಿ ಕೊನೆಯ ಪುಟದಿಂದ ಮೊದಲಿಗೆ ಓದುವಂತೆ ರಚಿಸಿದ್ದನು. ಆದರೂ ವರ್ಷದಿಂದ ವರ್ಷಕ್ಕೆ ನಡೆದು ಬಂದವರ ಲೆಕ್ಕವನ್ನು ತೀರಿಸುತ್ತಲೇ ಹೋದನು. ಮದ್ಯದ ವಿಚಾರವನ್ನು ಮೆಚ್ಚದ ಓದುಗರೂ ಇದು ಪ್ರಸಾದದ ಕಲ್ಪನೆಗೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ಗಮನಿಸಬಹುದು: ಬಂದವನು ಯಾರೆಂದು ಕೇಳುವುದಿಲ್ಲ, ನಡೆದು ಬಂದನೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಹಾದಿಯ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಾದ ಇಂದಿಗೂ ಮುಗಿದಿಲ್ಲ. ೧೯೩೨ರ ಅತಿಕ್ರಮದಿಂದ ಹೆಚ್ಚಿನದೇನೂ ಆಗಲಿಲ್ಲವೆಂಬುದು ಸ್ಟೀಫನ್‌ಸನ್‌ನ ಅಭಿಪ್ರಾಯವಾಗಿತ್ತು. ಅವನು ತೀರಿಕೊಂಡ ೧೯೮೭ರ ಬಳಿಕ, ೧೯೮೯ರಲ್ಲಿ ಪ್ರಕಟವಾದ ಅವನ ‘ನಿಷಿದ್ಧ ಭೂಮಿ’ ಎಂಬರ್ಥದ ಹೆಸರಿನ ಪುಸ್ತಕದಲ್ಲಿ ಆ ಮಾತಿದೆ. ರಾಥ್‌ಮನ್‌ನ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಕಾಯಿದೆಯ ಕರಡನ್ನು ಯಾರು ಬರೆದರೆಂದು ನೋಡಿದರೆ ಸ್ಟೀಫನ್‌ಸನ್‌ನ ಮಾತೇ ಸರಿ. ಆದರೆ ಸಮಿತಿಗಳ ಮುಂದೆ ವಿನಯದಿಂದ ಮನವಿ ಸಲ್ಲಿಸುವವನ ಹಿಂದೆ, ವಿನಯವನ್ನು ಬಿಟ್ಟು ಸೆರೆಮನೆ ಸೇರಿದ ಇಪ್ಪತ್ತರ ಹುಡುಗನೊಬ್ಬನ ನೆನಪು ನಿಂತಿದ್ದರೆ ಮನವಿಯ ತೂಕ ಬೇರೆಯೇ ಆಗುತ್ತದೆ. ಅದನ್ನು ಕಡತಗಳಿಂದ ಅಳೆಯಲಾಗದು. ೨೦೦೦ದ ಇಸವಿಯ ಕಾಯಿದೆಯಿಂದ ಇಂಗ್ಲೆಂಡು ಮತ್ತು ವೇಲ್ಸ್ ನಾಡುಗಳ ಬೆಟ್ಟಬಯಲುಗಳಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕೂ ಬಂದಿತು. ೨೦೦೨ರ ಏಪ್ರಿಲ್‌ನಲ್ಲಿ, ಅತಿಕ್ರಮದ ಎಪ್ಪತ್ತನೆಯ ವರ್ಷದ ಸಭೆಯಲ್ಲಿ, ಆ ಗುಡ್ಡದ ಒಡೆಯರ ವಂಶದವನಾದ ಡೆವನ್‌ಷೈರಿನ ಡ್ಯೂಕನು ತನ್ನ ಅಜ್ಜನ ಕಾಲದಲ್ಲಿ ನಡೆದದ್ದು ದೊಡ್ಡ ತಪ್ಪೆಂದು ಬಹಿರಂಗವಾಗಿ ಕ್ಷಮೆ ಕೇಳಿದನು. ರಾಥ್‌ಮನ್ ಅದೇ ಜನವರಿಯಲ್ಲಿ ತೀರಿಕೊಂಡಿದ್ದನು.

ಸ್ಟೀಫನ್‌ಸನ್ ಎಣಿಸದೆ ಇದ್ದದ್ದು ಒಂದಿತ್ತು. ಯಾತ್ರಿಕರ ಪಾದಗಳು ಗೆರೆಯನ್ನು ಕೊರೆಯುತ್ತವೆ ಎಂದವನು ಅವನು. ಅವು ಅತಿಯಾಗಿ ಕೊರೆದವು. ಪೆನೈನ್ ನೆತ್ತಿಯ ನೆಲ ಗಟ್ಟಿ ಮಣ್ಣಲ್ಲ. ಸಾವಿರಾರು ವರ್ಷಗಳಿಂದ ಕೊಳೆತ ಪಾಚಿ ಪದರ ಪದರವಾಗಿ ಒತ್ತಿ ನಿಂತ, ನೀರುಂಡ ಕಪ್ಪು ಜವುಗು. ಪೀಟ್ ಎಂಬುದು ಅದರ ಹೆಸರು. ಗಿರಣಿಗಳ ಹೊಗೆ ಮೊದಲೇ ಅದರ ಪಾಚಿಯನ್ನು ಸುಟ್ಟಿತ್ತು. ಮೇಲೆ ಸಾವಿರಾರು ಬೂಟುಗಳು ಬಿದ್ದಾಗ ಹುಲ್ಲು ಸತ್ತು, ಕೆಸರನ್ನು ತಪ್ಪಿಸಲು ಜನ ಬದಿಗೆ ಸರಿದು, ಒಂದಡಿಯ ದಾರಿ ಹಲವಾರು ಗಜಗಳ ಅಗಲಕ್ಕೆ ಹರಡಿತು. ೧೯೮೦ರ ದಶಕದ ವೇಳೆಗೆ ಬ್ಲ್ಯಾಕ್ ಹಿಲ್ ಎಂಬ ಗುಡ್ಡದ ನೆತ್ತಿಯಲ್ಲಿ ಹಸಿರೆಂಬುದೇ ಉಳಿದಿರಲಿಲ್ಲ. ಕಿಂಡರಿನಲ್ಲಿ ಹಾದಿಯ ಮೊದಲ ಭಾಗವನ್ನೇ ಬೇರೆ ಕಡೆಗೆ ತಿರುಗಿಸಬೇಕಾಯಿತು.

ಪರಿಹಾರವಾಗಿ ಚಪ್ಪಡಿ ಕಲ್ಲುಗಳನ್ನು ಹಾಸಿದರು. ಕಾಂಕ್ರೀಟು ಬೇಡವೆಂದವನ ಹಾದಿಗೆ ಕಲ್ಲು ಹಾಸುವುದೆ ಎಂದು ಹಳಬರು ಆಕ್ಷೇಪಿಸಿದರು. ಕಲ್ಲು ಬಂದದ್ದು ಎಲ್ಲಿಂದ ಎಂಬುದನ್ನು ನೋಡಬೇಕು. ಲ್ಯಾಂಕಷೈರಿನ ಹತ್ತಿಯ ಗಿರಣಿಗಳು ಒಂದೊಂದಾಗಿ ಮುಚ್ಚಿ ಕೆಡವಲ್ಪಡುತ್ತಿದ್ದ ಕಾಲ ಅದು. ಅವುಗಳ ನೆಲಕ್ಕೆ ಹಾಸಿದ್ದ ಕಲ್ಲುಗಳನ್ನು ಕೊಂಡು, ಹೆಲಿಕಾಪ್ಟರಿನಲ್ಲಿ ಗುಡ್ಡಕ್ಕೆ ಸಾಗಿಸಿ, ಜವುಗಿನ ಮೇಲೆ ಒಂದರ ಪಕ್ಕದಲ್ಲೊಂದರಂತೆ ಇಳಿಸಿದರು. ಜನ ಕಲ್ಲಿನ ಮೇಲೆ ನಡೆಯತೊಡಗಿದ ಮೇಲೆ ಎರಡು ಬದಿಗಳಲ್ಲಿ ಹುಲ್ಲು ಮರಳಿತು. ೨೦೦೩ರಿಂದ ಪಾಚಿಯನ್ನೂ ಮತ್ತೆ ನೆಟ್ಟು ಬೆಳೆಸುವ ಕಾರ್ಯ ನಡೆದಿದೆ. ತಲೆಮಾರುಗಳ ಕಾಲ ಗಿರಣಿಯ ಕೆಲಸಗಾರರು ವಾರದ ಆರು ದಿನ ತುಳಿದು ಸವೆಸಿದ ಆ ಕಲ್ಲುಗಳಲ್ಲಿ ಕೆಲವಕ್ಕೆ ಯಂತ್ರಗಳ ಕಾಲು ಊರಿದ ತೂತುಗಳು ಇನ್ನೂ ಇವೆ. ಮಳೆ ಬಂದಾಗ ಅವುಗಳಲ್ಲಿ ನೀರು ನಿಲ್ಲುತ್ತದೆ.